ಮುನ್ನೂರೈವತ್ತು ಎಲೆ

ರೇಷನ್ ಕಾರ್ಡು ಹುಡುಕಿದರೆ ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಸಿಗುವುದು ನಮ್ಮ ಮನೆಯ ಬೀರುವಿನ ಗುಣ. ಮೊನ್ನೆಯೂ ಹಾಗೇ ಆಯಿತು. ಮಗಳ ಮದುವೆಗೆ ಒಯ್ದಿದ್ದ ಕೈಚೀಲವನ್ನು ಬೋರಲು ಹಾಕಿದೆ. ಒಣಗಿ ಪುಡಿಯಾದ ವೀಳ್ಯದೆಲೆ, ಎರಡು ಅಡಿಕೆ, ಯಾರದೋ ಮಗುವಿನ ಒಂಟಿ ಕಾಲ್ಗೆಜ್ಜೆ ಬಿದ್ದವು. ಅವುಗಳ ಹಿಂದೆಯೇ ಟಣ್ಣನೆ ನನ್ನ ಕೌಂಟರ್ ಬಿತ್ತು. ಅಂಗೈಯಲ್ಲಿ ಅಡಗುವಷ್ಟು ಪುಟ್ಟ ಉಕ್ಕಿನ ಡಬ್ಬಿ ಅದು. ಹೆಬ್ಬೆರಳಿನಿಂದ ಒಮ್ಮೆ ಒತ್ತಿದರೆ ಟಿಕ್ ಎಂದು ಒಂದು ಅಂಕಿ ಮೇಲೇರುತ್ತದೆ. ಪೀಣ್ಯದ ಒಂದು ಸ್ವಿಚ್ ಫ್ಯಾಕ್ಟರಿಯ ಪ್ಯಾಕಿಂಗ್ ಸೆಕ್ಷನ್ನಿನಲ್ಲಿ ಕೂತು ಹತ್ತೊಂಬತ್ತು ವರ್ಷದಿಂದ ಇಂಥದ್ದನ್ನೇ ಒತ್ತುತ್ತಿದ್ದೇನೆ. ಹಳೆಯದನ್ನು ಬದಲಾಯಿಸಿದಾಗ ಸೂಪರ್‌ವೈಸರನ್ನು ಕೇಳಿ ಇದನ್ನು ಮನೆಗೆ ತಂದುಕೊಂಡಿದ್ದೆ. ಸ್ವಿಚ್ಚು ಎಣಿಸುವ ಸಾಮಾನು ಮದುವೆಯ ಚೀಲಕ್ಕೆ ಹೇಗೆ ಬಂತು ಎಂದು ನೀವು ಕೇಳಬಹುದು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಎಣಿಸುವುದು ನನಗೆ ಅಂಟಿಕೊಂಡ ಚಟ. ಬಸ್ಸು ಹತ್ತಿದರೆ ಕೂತವರೆಷ್ಟು, ನಿಂತವರೆಷ್ಟು ಎಂದು ಕಣ್ಣು ತಾನಾಗಿ ಓಡುತ್ತದೆ. ರಾಜಗೋಪಾಲನಗರದ ನಮ್ಮ ಮನೆಯಿಂದ ಫ್ಯಾಕ್ಟರಿ ಗೇಟಿನವರೆಗೆ ಎಷ್ಟು ಲೈಟು ಕಂಬ ಎಂದು ನನ್ನನ್ನು ಕೇಳಿ, ನಿದ್ದೆಯಲ್ಲೂ ಹೇಳುತ್ತೇನೆ. ಮಗಳ ಮದುವೆಗೆ ಮುಂಚೆ ಮನೆಯಲ್ಲಿ ಇದ್ದವರು ಮೂರೇ ಜನ. ಆದರೂ ತಟ್ಟೆ ಹಾಕುವಾಗ ಒಂದು, ಎರಡು, ಮೂರು ಎಂದುಕೊಳ್ಳದೆ ನನಗೆ ಸಮಾಧಾನವಿರಲಿಲ್ಲ. "ನಿಮ್ಮಮ್ಮ ಊಟಕ್ಕೆ ಕರೆಯೋದಲ್ಲ ಕಣೇ, ಹಾಜರಿ ತಗೊಳ್ಳೋದು," ಎಂದು ಯಜಮಾನರು ಮಗಳ ಹತ್ತಿರ ಆಡಿಕೊಳ್ಳುತ್ತಿದ್ದರು. ಅವರು ಸರ್ಕಾರಿ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಭೂಮಿ ಅದುರಿದರೂ ಕೈಯಲ್ಲಿನ ಕಾಫಿ ಮುಗಿಸಿಯೇ ಏಳುವ ಜಾಯಮಾನ. ಮನೆಯ ಗಾಬರಿಯನ್ನೆಲ್ಲ ನನಗೊಬ್ಬಳಿಗೇ ಬರೆದುಕೊಟ್ಟು ನಿಶ್ಚಿಂತೆಯಾಗಿದ್ದಾರೆ.

ಈ ಚಟದ ಮೂಲ ಹುಡುಕುತ್ತಾ ಹೋದರೆ ನಾನು ನಿಲ್ಲುವುದು ಚಿಕ್ಕಮ್ಮನ ಮದುವೆಯಲ್ಲಿ. ಆಗ ನನಗೆ ಎಂಟು ವರ್ಷ. ಅಪ್ಪನ ಕಾರ್ಖಾನೆಯ ಕ್ವಾರ್ಟರ್ಸಿನ ಮುಂದೆ ಶಾಮಿಯಾನ ಹಾಕಿ, ರಸ್ತೆಯ ಬದಿಯಲ್ಲೇ ಒಲೆ ಹೂಡಿ ಮಾಡಿದ ಮದುವೆ ಅದು. ನೆಲದ ಮೇಲೆ ಚಾಪೆ ಹಾಸಿ ಎಲೆ ಹಾಕುತ್ತಿದ್ದರು. ನನಗೆ ಉಪ್ಪು ಬಡಿಸುವ ಕೆಲಸ ಕೊಟ್ಟಿದ್ದರು. ಬಟ್ಟಲು ಹಿಡಿದು, ಲಂಗ ಎತ್ತಿ ಸಿಕ್ಕಿಸಿಕೊಂಡು, ಪ್ರತಿ ಎಲೆಯ ತುದಿಗೂ ಒಂದೊಂದು ಚಿಟಿಕೆ ಹಾಕುತ್ತಾ ಹೋಗುವುದರಲ್ಲಿ ನನಗೆ ಬಹಳ ಜಂಬ. ಕೊನೆಯ ಪಂಕ್ತಿಗೂ ಹಾಗೇ ಹಾಕಿದೆ. ಹಿಂದೆಯೇ ಉಪ್ಪಿನಕಾಯಿ ಬಂತು, ಕೋಸಂಬರಿ ಬಂತು. ಅನ್ನ ಬರಲಿಲ್ಲ. ಕೂತವರು ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿಕೊಂಡರು, ಆಮೇಲೆ ಸುಮ್ಮನಾದರು. ಒಲೆಯ ಕಡೆಯಿಂದ ಕೊಳದಪ್ಪಲೆಯ ತಳ ಕೆರೆಯುವ ಸದ್ದು ಕೇಳಿಸಿತು. ಅಜ್ಜ ಹೆಗಲ ಮೇಲಿನ ಟವೆಲ್ಲನ್ನು ಕೈಗೆ ತೆಗೆದುಕೊಂಡು, "ಒಂದರ್ಧ ಗಂಟೆ ತಡ್ಕೊಳ್ಳಿ ಸ್ವಾಮಿ, ಅಕ್ಕಿ ಹಾಕವ್ರೆ," ಎಂದರು. ಮೂಲೆಯಲ್ಲಿ ಕೂತಿದ್ದವರೊಬ್ಬರು, "ಪರವಾಗಿಲ್ಲ ಬಿಡಿ ಯಜಮಾನ್ರೆ," ಎಂದು ಎದ್ದರು. ಒಬ್ಬರು ಎದ್ದಿದ್ದೇ ತಡ, ಸಾಲಿಗೆ ಸಾಲೇ ಎದ್ದಿತು. ನಾನು ಉಪ್ಪಿನ ಬಟ್ಟಲು ಹಿಡಿದು ಅಲ್ಲೇ ನಿಂತಿದ್ದೆ.

ಚಿಕ್ಕಮ್ಮನಿಗೆ ಈಗ ಮೊಮ್ಮಕ್ಕಳಾಗಿವೆ. ಆದರೂ ನೆಂಟರಲ್ಲಿ ಯಾರ ಮದುವೆಯ ಮಾತು ಬಂದರೂ, "ಅವಳ ಮದ್ವೇಲಿ ಎಲೆ ಹಾಕಿ ಎಬ್ಸಿದ್ರಲ್ಲ," ಎಂದು ಒಬ್ಬರಾದರೂ ನೆನಪಿಸುತ್ತಾರೆ. ಅಂದಿನ ವಾಲಗ ಎಷ್ಟು ಸೊಗಸಾಗಿತ್ತು, ಚಿಕ್ಕಮ್ಮ ಹಸಿರು ಧಾರೆಸೀರೆಯಲ್ಲಿ ಹೇಗೆ ಕಾಣುತ್ತಿದ್ದಳು ಎನ್ನುವುದು ಯಾರಿಗೂ ನೆನಪಿಲ್ಲ. ಹೀಗಾಗಿ ನನಗೆ ಮಗಳು ಹುಟ್ಟಿದಾಗಿನಿಂದ, ಅವಳ ಓದು, ಕೆಲಸ, ಗಂಡು ಎಲ್ಲದರ ಚಿಂತೆಯ ಅಡಿಯಲ್ಲೂ ಇನ್ನೊಂದು ಚಿಂತೆ ಕೂತಿತ್ತು. ಇವಳ ಮದುವೆಯಲ್ಲಿ ಎಲೆಯ ಮುಂದೆ ಕೂತವರು ಯಾರೂ ಹಾಗೇ ಎದ್ದು ಹೋಗಬಾರದು.

ಇಂಥವಳಿಗೆ ಕೈ ಹಿಡಿದು ಖರ್ಚು ಮಾಡಬೇಕಾದ ಮದುವೆ ಬಂತು ನೋಡಿ. ಯಜಮಾನರಿಗೆ ನಿವೃತ್ತಿಯಾದಾಗ ಬಂದ ಹಣ ಮನೆಯ ಮೇಲಂತಸ್ತಿಗೆ ಹೋಗಿ, ಅದರ ಮೆಟ್ಟಿಲಿಗೆ ಸಾಲದೆ ನಿಂತಿತ್ತು. ಮಗಳು ಮೇಘನಾ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಎದುರಿಗಿದ್ದವರು ಎಷ್ಟು ಮುಖ ಕಿವುಚಿದರೂ ಸೂಜಿ ಚುಚ್ಚಿಯೇ ಬಿಡುವ ಅಭ್ಯಾಸ ಅವಳಿಗೆ. "ಅಮ್ಮಾ, ಇರೋದಿಷ್ಟು. ಇದ್ರಲ್ಲಿ ಆಗೋ ಮದುವೆ ಮಾಡು. ಸಾಲ ಗೀಲ ಅಂದ್ರೆ ನಾನೇ ರಿಜಿಸ್ಟರ್ ಆಫೀಸಿಗೆ ಹೋಗ್ಬಿಡ್ತೀನಿ," ಎಂದಳು. ನೆಲಮಂಗಲದ ಕಡೆಯ ನಮ್ಮ ಬೀಗರೂ ಒಳ್ಳೆಯವರು. ಆರತಕ್ಷತೆ ಬೇಡ, ಬೆಳಗ್ಗೆ ಮುಹೂರ್ತ, ಮಧ್ಯಾಹ್ನ ಒಂದು ಊಟ, ಅಷ್ಟೇ ಸಾಕು ಎಂದು ಒಪ್ಪಿದರು. ಬ್ಯಾಂಡು ಹೋಯಿತು. ಹೂವಿನ ಮಂಟಪದ ಜಾಗಕ್ಕೆ ಬಟ್ಟೆಯ ಮಂಟಪ ಬಂತು. ಡ್ರೋನ್ ಹಾರಿಸುತ್ತೇನೆ ಎಂದ ಫೋಟೋದವನನ್ನು ನೆಲದ ಮೇಲೇ ನಿಂತು ತೆಗೆಯಪ್ಪ ಎಂದು ಒಪ್ಪಿಸಿದೆವು. ಕಾರ್ಡನ್ನು ಎಷ್ಟು ಅಗ್ಗಕ್ಕೆ ಅಚ್ಚು ಹಾಕಿಸಿದೆವೆಂದರೆ ಗಣಪತಿ ಹಸಿರು ಬಣ್ಣದಲ್ಲಿ ಬಂದಿದ್ದ. ನಾನು ಅವನನ್ನು ಪಚ್ಚೆ ಗಣಪತಿ ಎಂದು ಹೇಳಿ ಹಂಚಿದೆ. ಇಬ್ಬರು ಮೂವರು ಭಕ್ತಿಯಿಂದ ಕಣ್ಣಿಗೊತ್ತಿಕೊಂಡರು ಕೂಡ.

ಇವನ್ನೆಲ್ಲ ಕತ್ತರಿಸಬಹುದು. ಊಟವನ್ನು ಹೇಗೆ ಕತ್ತರಿಸುವುದು? ಅಡುಗೆಯ ರೇವಣ್ಣ ಮನೆಗೆ ಬಂದು ಕೂತವನೇ ಕೇಳಿದ್ದು ಒಂದೇ ಪ್ರಶ್ನೆ.

"ಎಷ್ಟ್ ಎಲೆ ಅಕ್ಕ?"

"ಮುನ್ನೂರು," ಎಂದೆ.

"ಮುನ್ನೂರು ಅಂದ್ರೆ ಮುನ್ನೂರೇಯಾ, ಇಲ್ಲಾ ಬಾಯ್ಮಾತಿಗಾ? ಎಲ್ರೂ ಇಂಗೇ ಯೋಳ್ತಾರೆ. ಆಮ್ಯಾಕೆ ನಾನೂರು ಜನ ಬಂದು ಕುಂತ್ಕಂಡು ನನ್ ಮಕ ನೋಡ್ತಾರೆ."

"ಮುನ್ನೂರೇ ರೇವಣ್ಣ. ನಾನು ಎಣಿಸಿದ್ರೆ ತಪ್ಪಲ್ಲ," ಎಂದೆ. ಯಜಮಾನರು ಪೇಪರಿನ ಮರೆಯಲ್ಲಿ ನಕ್ಕಿದ್ದು ನನಗೆ ಕೇಳಿಸಿತು.

ಬೀಗರಿಗೆ ನೂರೈವತ್ತು, ನಮಗೆ ನೂರೈವತ್ತು. ಮೇಘನಾ ಲ್ಯಾಪ್‌ಟಾಪ್ ತೆರೆದು ಪಟ್ಟಿ ಶುರು ಮಾಡಿದಳು. ನಾನು ಹೆಸರು ಹೇಳುವುದು, ಅವಳು "ಇವ್ರು ಯಾರಮ್ಮ? ನನ್ನನ್ನ ಯಾವಾಗ ನೋಡಿದ್ದಾರೆ?" ಎನ್ನುವುದು. "ನೀನು ಹುಟ್ಟಿದಾಗ ಬೆಳ್ಳಿ ಲೋಟ ಕೊಟ್ಟಿದ್ರು ಕಣೇ," ಎಂದರೆ, "ಲೋಟ ವಾಪಸ್ ಕೊಟ್ಬಿಡು, ಹೆಸರು ತೆಗೀತೀನಿ," ಎನ್ನುವುದು. ಕೊನೆಗೆ ನಾನೇ ನೆಂಟರನ್ನೆಲ್ಲ ಮೂರು ಜಾತಿ ಮಾಡಿಕೊಂಡೆ: ಬರಲೇಬೇಕಾದವರು, ಬಂದರೆ ಸಂತೋಷ ಎನ್ನುವವರು, ಬರದಿದ್ದರೆ ಇನ್ನೂ ಸಂತೋಷ ಎನ್ನುವವರು. ಮೂರನೆಯವರ ಮನೆಗೆ ಕಾರ್ಡು ಕೊಡಲು ಹೋದಾಗ ಅವರು ಒತ್ತಾಯ ಮಾಡಿ ಊಟ ಹಾಕಿ, "ಸಂಸಾರ ಸಮೇತ ಎರಡು ದಿನ ಮುಂಚೇನೇ ಬರ್ತೀವಿ ಬಿಡು," ಎಂದಾಗಲೆಲ್ಲ ನನ್ನ ತುತ್ತು ಗಂಟಲಲ್ಲೇ ನಿಲ್ಲುತ್ತಿತ್ತು.

ಇನ್ನು ಫ್ಯಾಕ್ಟರಿ. ಪ್ಯಾಕಿಂಗು, ಅಸೆಂಬ್ಲಿ ಎರಡೂ ಸೇರಿದರೆ ನೂರಿಪ್ಪತ್ತು ಹೆಂಗಸರು. ಹತ್ತೊಂಬತ್ತು ವರ್ಷ ಜೊತೆಗೆ ಕೂತು ಡಬ್ಬಿ ಬಿಚ್ಚಿ ತಿಂದವರು. ಅವರನ್ನು ಕರೆಯದೆ ಇರುವುದು ಹೇಗೆ? ಕರೆದರೆ ಬಡಿಸುವುದು ಹೇಗೆ? ಇದಕ್ಕೆ ನಮ್ಮ ಕಡೆಯ ಕಾರ್ಖಾನೆಗಳಲ್ಲಿ ಅಪ್ಪನ ಕಾಲದಿಂದಲೂ ಒಂದು ಪದ್ಧತಿಯಿದೆ. ಹತ್ತಿರದವರಿಗೆ ಅರಿಶಿನ ಕುಂಕುಮ ಕೊಟ್ಟು ಕೈಗೆ ಕಾರ್ಡು ಕೊಡುವುದು. ಮಿಕ್ಕವರಿಗೆಲ್ಲ ಸೇರಿಸಿ ಒಂದೇ ಕಾರ್ಡನ್ನು ನೋಟಿಸ್ ಬೋರ್ಡಿಗೆ ಚುಚ್ಚುವುದು. ಬೋರ್ಡಿನ ಕಾರ್ಡೆಂದರೆ ಕರೆದ ಹಾಗೂ ಆಯಿತು, ಬರಲೇಬೇಕೆಂದೂ ಇಲ್ಲ. ನಾನು ನಮ್ಮ ಟೇಬಲ್ಲಿನ ಆರು ಜನಕ್ಕೆ ಕೈಯಲ್ಲಿ ಕೊಟ್ಟು, ಒಂದನ್ನು ಬೋರ್ಡಿಗೆ ಚುಚ್ಚಿದೆ. ಇನ್ನೊಂದು ಕಿಲಾಡಿತನವನ್ನೂ ಮಾಡಿದ್ದೆ. ಮುಹೂರ್ತಕ್ಕೆ ಬುಧವಾರವನ್ನು ಆರಿಸಿದ್ದು ನಾನೇ. ವಾರದ ನಡುವೆ ಛತ್ರದ ಬಾಡಿಗೆ ಕಡಿಮೆ ಎಂದು ಎಲ್ಲರ ಮುಂದೆ ಹೇಳಿದೆ. ಅಂದು ಫ್ಯಾಕ್ಟರಿ ಇರುತ್ತದೆ, ರಜೆ ಹಾಕಿ ನೂರು ಜನ ಬರಲಾರರು ಎನ್ನುವುದನ್ನು ಯಾರಿಗೂ ಹೇಳಲಿಲ್ಲ. ಅಷ್ಟು ವರ್ಷ ಅವರ ಡಬ್ಬಿಯ ಚಿತ್ರಾನ್ನ ತಿಂದವಳು ನಾನು. ಹಾಗೆ ಲೆಕ್ಕ ಹಾಕಿದ್ದಕ್ಕೆ ಈಗಲೂ ನನ್ನ ಮೇಲೆ ನನಗೇ ಬೇಸರ ಬರುತ್ತದೆ. ಆಗ ಮಾತ್ರ ನಾನು ಬಹಳ ಜಾಣೆ ಎಂದುಕೊಂಡಿದ್ದೆ.

ಮದುವೆಯ ವಾರ, ಸೋಮವಾರ ಬೆಳಗ್ಗೆ ನನ್ನ ಫೋನು ಟಿಂಗ್ ಎಂದಿತು. ಬುಧವಾರ ಹತ್ತರಿಂದ ಐದರವರೆಗೆ, ಲೈನಿನ ಕೆಲಸದ ಪ್ರಯುಕ್ತ, ನಮ್ಮ ಭಾಗದಲ್ಲಿ ಕರೆಂಟ್ ಇರುವುದಿಲ್ಲ. ಓದಿ ಮುಗಿಸುವಷ್ಟರಲ್ಲಿ ಫ್ಯಾಕ್ಟರಿಯ ಗ್ರೂಪಿನಲ್ಲಿ ಇನ್ನೊಂದು ಮೆಸೇಜು: ಬುಧವಾರ ರಜೆ, ಬದಲಿಗೆ ಭಾನುವಾರ ಕೆಲಸ. ಅದರ ಕೆಳಗೆ ಸಾಲಾಗಿ ಹೂವು, ಕೈಮುಗಿಯುವ ಚಿತ್ರ, "ಸರೋಜಕ್ಕನ ಮಗಳ ಮದ್ವೆಗೆ ದೇವ್ರೇ ರಜಾ ಕೊಟ್ಟ," "ಎಲ್ರೂ ಹೋಗಣ ಕಣ್ರೇ," "ನಾನು ಮೆರೂನ್ ಸೀರೆ." ಯಜಮಾನರಿಗೆ ಫೋನು ತೋರಿಸಿದೆ. ಅವರು ಕನ್ನಡಕ ಏರಿಸಿ ಓದಿ, "ಛತ್ರಕ್ಕೂ ಕರೆಂಟ್ ಇರಲ್ವಲ್ಲ, ಜನರೇಟರ್‌ಗೆ ಡೀಸೆಲ್ ಬೇರೆ ನಾವೇ ಹಾಕಿಸ್ಬೇಕಾಗತ್ತೆ," ಎಂದರು. ನಾನು ಯೋಚಿಸದೆ ಉಳಿದಿದ್ದ ಒಂದೇ ಒಂದು ಚಿಂತೆಯನ್ನೂ ಹೀಗೆ ನನ್ನ ಮಡಿಲಿಗೆ ಹಾಕಿದರು.

ಅಂದೇ ರೇವಣ್ಣನಿಗೆ ಫೋನು ಮಾಡಿದೆ. ಅವನು ನನಗಿಂತ ಮೊದಲೇ ನಿಟ್ಟುಸಿರು ಬಿಟ್ಟ.

"ನಾ ಯೋಳ್ನಿಲ್ವಾ ಅಕ್ಕ? ಈಗ ಐವತ್ತು ಏರುಸ್ಬೌದು. ಅಷ್ಟೇಯಾ. ಜನ ಇಲ್ಲ, ಪಾತ್ರೆ ಇಲ್ಲ, ಅದೇ ದಿನ ಇನ್ನೊಂದ್ ಕಡೆ ಒಪ್ಕಂಡಿವ್ನಿ."

ಐವತ್ತು ಏರಿಸಿದೆವು. ಮುನ್ನೂರೈವತ್ತು ಎಲೆ. ಕೈಯಲ್ಲಿದ್ದ ದುಡ್ಡೂ ಅಲ್ಲಿಗೆ ಮುಗಿಯಿತು. ಫ್ಯಾಕ್ಟರಿಯಿಂದ ಎಷ್ಟು ಜನ ಬರುತ್ತಾರೆ ಎನ್ನುವುದು ಮಾತ್ರ ಗೊತ್ತಿರಲಿಲ್ಲ. ಮಂಗಳವಾರ ಅರ್ಧ ದಿನದ ಕೆಲಸಕ್ಕೆ ಹೋದಾಗ ರತ್ನಳನ್ನು ಕೇಳಿದೆ. ನಮ್ಮ ಟೇಬಲ್ಲಿನಲ್ಲಿ ನನ್ನ ಪಕ್ಕ ಕೂರುವವಳು ಅವಳು. ಮಾತು ಜೋರು, ಕೈ ಚುರುಕು, ಕಿವಿ ಇನ್ನೂ ಚುರುಕು.

"ನಾಳೆ ಎಲ್ರೂ ಬರ್ತಾರೇನೆ?" ಎಂದೆ.

"ಬರ್ದೆ ಏನಕ್ಕ? ರಜಾ ಇದ್ಯಲ್ಲ."

"ಎಲ್ರೂ ಅಂದ್ರೆ... ಎಷ್ಟು ಜನ ಆಗ್ಬೋದು?"

ರತ್ನ ಸ್ವಿಚ್ಚು ತುಂಬುತ್ತಿದ್ದ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. ಆಮೇಲೆ ಮತ್ತೆ ತುಂಬತೊಡಗಿ, "ಎಂಬತ್ತರ ಒಳಗೇ ಇರ್ತೀವಿ ಬಿಡಕ್ಕ. ನೀನ್ ತಲೆ ಕೆಡಿಸ್ಕೋಬೇಡ," ಎಂದಳು. ಅವಳ ಆ ಒಂದು ನೋಟವನ್ನು ನಾನು ಗಮನಿಸಬೇಕಿತ್ತು. ಎಂಬತ್ತು ಎನ್ನುವುದನ್ನು ಮಾತ್ರ ಕೇಳಿಸಿಕೊಂಡು, ಮನಸ್ಸಿನಲ್ಲೇ ಕೂಡುತ್ತಾ ಕಳೆಯುತ್ತಾ ಮನೆಗೆ ಬಂದೆ. ಬಂದವಳೇ ಬೀರುವಿನಿಂದ ಈ ಹಳೆಯ ಕೌಂಟರನ್ನು ತೆಗೆದು ಚೀಲಕ್ಕೆ ಹಾಕಿಕೊಂಡೆ.

ಬುಧವಾರ ಬೆಳಗ್ಗೆ ನಮ್ಮ ಏರಿಯಾದ ಛತ್ರದಲ್ಲಿ, ಹತ್ತಕ್ಕೆ ಎಂದಿದ್ದ ಕರೆಂಟು ಒಂಬತ್ತಕ್ಕೇ ಹೋಗಿ ಜನರೇಟರ್ ಗುಡುಗಲು ಶುರುವಾಯಿತು. ಮುಹೂರ್ತದ ಹಾಲು ಮಹಡಿಯ ಮೇಲೆ, ಊಟದ ಹಾಲು ಕೆಳಗೆ. ನಾನು ಮಗಳ ತಾಯಿ, ಮಂಟಪದ ಹತ್ತಿರ ಕೂತಿರಬೇಕಾದವಳು. ಪುರೋಹಿತರು ಕರೆದಾಗ ಬಂದು ಕೂರುವುದು, ಅವರು ಬಾಯಿ ಮುಚ್ಚಿದ ಕೂಡಲೇ ಮೆಟ್ಟಿಲ ತುದಿಗೆ ಓಡುವುದು. ಬಲಗೈ ಮುಗಿದು "ಬನ್ನಿ ಬನ್ನಿ" ಎನ್ನುತ್ತಿದ್ದರೆ, ಸೆರಗಿನ ಒಳಗೆ ಎಡಗೈ ಟಿಕ್ ಟಿಕ್ ಎನ್ನುತ್ತಿತ್ತು. ಹೀಗೆ ಒಂದು ಕೈಯಲ್ಲಿ ಕೈಮುಗಿದವಳನ್ನು ನೀವು ಎಲ್ಲಿಯೂ ನೋಡಿರಲಾರಿರಿ. ತಾಯಿಯ ಸೊಂಟದ ಮೇಲಿದ್ದ ಮಕ್ಕಳನ್ನು ಬಿಟ್ಟೆ. ನಡೆದು ಬಂದ ಮಕ್ಕಳಿಗೆ ಟಿಕ್. ಬೀಗರ ಕಡೆಯವರು ನೂರೈವತ್ತನ್ನು ದಾಟಿ ಇನ್ನೂ ಬರುತ್ತಲೇ ಇದ್ದರು. ಒಬ್ಬರು ನೆಂಟರು, "ಯಾಕೆ ಸರೋಜ, ಮೈಯೆಲ್ಲ ನಡುಗ್ತಿದೆಯಲ್ಲ, ಶುಗರ್ ಕಮ್ಮಿ ಆಯ್ತಾ?" ಎಂದು ನನ್ನ ಬಾಯಿಗೆ ಸಕ್ಕರೆ ಹಾಕಿದರು.

ಧಾರೆ ಎರೆಯುವಾಗ ನನ್ನ ಕೈ ನೀರು ಬಿಡುತ್ತಿತ್ತು, ಕಿವಿ ಮೆಟ್ಟಿಲ ಕಡೆಗಿತ್ತು. ಅದಾಗಿ ಗಟ್ಟಿಮೇಳ ಎಂದು ಕೂಗಿದ್ದು, ಎಲ್ಲರೂ ಅಕ್ಷತೆ ಎರಚಿದ್ದು ಕೇಳಿಸಿತು. ಅದೇ ಹೊತ್ತಿಗೆ ಬಾಗಿಲಲ್ಲಿ ಮೆರೂನ್ ಸೀರೆಯೊಂದು ಕಾಣಿಸಿತು. ಅದರ ಹಿಂದೆ ರತ್ನ, ಅವಳ ಹಿಂದೆ ಸಾಲು ಸಾಲು. ನಾನು ಎಣಿಸತೊಡಗಿದೆ. ತಿರುಗಿ ನೋಡುವಷ್ಟರಲ್ಲಿ ಮಗಳ ಕೊರಳಲ್ಲಿ ತಾಳಿ ಇತ್ತು. ಇಪ್ಪತ್ತಾರು ವರ್ಷ ಕಾದ ಗಳಿಗೆಯಲ್ಲಿ ನಾನು ಬಾಗಿಲ ಕಡೆ ನೋಡುತ್ತಾ ಬೆರಳು ಒತ್ತುತ್ತಿದ್ದೆ. ಮೇಘನಾ ನನಗಾಗಿ ಕಣ್ಣಿನಲ್ಲೇ ಹುಡುಕಿದಳಂತೆ. ಅದನ್ನು ಆಮೇಲೆ ಅವಳ ಗಂಡ ಹೇಳಿದ.

ಫ್ಯಾಕ್ಟರಿಯವರು ಎಪ್ಪತ್ತನಾಲ್ಕು ಜನ. ಒಂದೇ ಒಂದು ಗಲಾಟೆಯಿಲ್ಲದೆ ಸಾಲಾಗಿ ಹೋಗಿ ಅಕ್ಷತೆ ಹಾಕಿದರು, ಎಲ್ಲರ ಪರವಾಗಿ ಒಂದು ಕವರು ಕೊಟ್ಟರು, ಫೋಟೋಗೆ ನಿಂತರು, ನನ್ನ ಕೈ ಹಿಸುಕಿದರು, ಇಳಿದು ಹೋದರು. ಕೌಂಟರಿನಲ್ಲಿ ಮುನ್ನೂರ ಎಪ್ಪತ್ತು ಇತ್ತು. ಅದರಲ್ಲಿ ನಾವು ಮನೆಯವರು ಇಪ್ಪತ್ತು ಜನ ಸೇರಿರಲಿಲ್ಲ. ಕೆಳಗಿಳಿದು ಊಟದ ಹಾಲಿನ ಬಾಗಿಲಲ್ಲಿ ನಿಂತು ನೋಡಿದೆ. ಮೊದಲ ಪಂಕ್ತಿ ಎದ್ದು ಎರಡನೆಯದು ಕೂತಿತ್ತು. ಕಣ್ಣು ಎಷ್ಟು ಓಡಿಸಿದರೂ ಫ್ಯಾಕ್ಟರಿಯ ಒಂದು ಮುಖವೂ ಕಾಣಿಸಲಿಲ್ಲ.

"ಏನ್ರೀ, ನಮ್ಮ ಫ್ಯಾಕ್ಟರಿಯವರು ಎಲ್ಲಿ?" ಎಂದು ಯಜಮಾನರನ್ನು ಕೇಳಿದೆ.

"ಆಗ್ಲೇ ಆಚೆ ಹೋದ್ರಲ್ಲ. ಊಟ ಮಾಡ್ಕೊಂಡ್ ಹೋಗಿ ಅಂದೆ. ಆಯ್ತು ಸಾರ್ ಅಂದ್ರು."

ಆಯ್ತು ಎಂದರೆ ಯಾವ ಆಯ್ತು? ನಾನು ಚಪ್ಪಲಿಯನ್ನೂ ಹಾಕಿಕೊಳ್ಳದೆ ರಸ್ತೆಗೆ ಬಂದೆ. ಛತ್ರದ ಪಕ್ಕದಲ್ಲಿ ಒಂದು ವರ್ಕ್‌ಶಾಪು ಇದೆ. ಕರೆಂಟಿಲ್ಲದೆ ಅದರ ಶಟರು ಎಳೆದಿತ್ತು. ಅದರ ಮುಂದೆ ಲಾರಿಗೆ ಸಾಮಾನು ಹತ್ತಿಸುವ ಉದ್ದನೆಯ ಕಟ್ಟೆ. ಆ ಕಟ್ಟೆಯ ಮೇಲೆ, ಅದರ ಕೆಳಗೆ ಸಿಕ್ಕ ನೆರಳಿನಲ್ಲಿ, ರೇಷ್ಮೆ ಸೀರೆ ಉಟ್ಟು, ಮುಡಿ ತುಂಬ ಮಲ್ಲಿಗೆ ಮುಡಿದು ನಮ್ಮ ಪ್ಯಾಕಿಂಗಿನವರು, ಅಸೆಂಬ್ಲಿಯವರು ಕೂತಿದ್ದರು. ಎಲ್ಲರ ತೊಡೆಯ ಮೇಲೂ ಸ್ಟೀಲಿನ ಊಟದ ಡಬ್ಬಿ. ಆಗ ತಾನೇ ಮುಚ್ಚಳ ತೆಗೆಯುತ್ತಿದ್ದರು.

ನನ್ನನ್ನು ನೋಡಿ ಎಲ್ಲರೂ ಕದ್ದು ಸಿಕ್ಕಿಬಿದ್ದವರಂತೆ ತಲೆ ತಗ್ಗಿಸಿದರು. ರತ್ನ ಒಬ್ಬಳೇ ಎದ್ದು ಬಂದಳು.

"ಬೈಬೇಡ ಸರೋಜಕ್ಕ. ಮದುವೆ ನೋಡ್ಬೇಕಿತ್ತು, ನೋಡಿದ್ವಿ. ನೀನು ನಿನ್ನೆ ಕೇಳ್ದೆ ನೋಡು ಎಷ್ಟು ಜನ ಆಗ್ತೀರಾ ಅಂತ, ಆಗ್ಲೇ ನನಗೆ ಗೊತ್ತಾಯ್ತು. ನಮಗೇನು, ದಿನಾ ಡಬ್ಬೀಲೇ ತಿನ್ನೋರು. ಗ್ರೂಪಲ್ಲಿ ಬರೀಲಿಲ್ಲ, ನೀನು ನೋಡ್ತೀಯ ಅಂತ. ಒಬ್ಬೊಬ್ಬರಿಗೇ ಫೋನ್ ಮಾಡಿ ಹೇಳ್ದೆ. ಬೀಗರ ಮುಂದೆ ನಿಂಗೆ ಕಮ್ಮಿ ಆಗ್ಬಾರ್ದು."

ನನಗೆ ಅಳು ಬಂತು, ಅದಕ್ಕಿಂತ ಮುಂಚೆ ಸಿಟ್ಟು ಬಂತು. ಸಿಟ್ಟು ಅವಳ ಮೇಲೋ ನನ್ನ ಮೇಲೋ ಗೊತ್ತಿಲ್ಲ. ಆ ಕ್ಷಣಕ್ಕೂ ನನ್ನ ತಲೆ ಲೆಕ್ಕ ಹಾಕುವುದನ್ನು ಬಿಟ್ಟಿರಲಿಲ್ಲ ಎಂದರೆ ನೀವು ನಂಬಬೇಕು. ಇವರು 'ಪರವಾಗಿಲ್ಲ' ಎಂದು ಹೀಗೇ ಹೊರಟುಹೋದರೆ ಮುನ್ನೂರ ಹದಿನಾರು. ಎಲೆ ಮುನ್ನೂರೈವತ್ತು. ಪಾಯಸ ಎರಡೆರಡು ಸಲ ಬಡಿಸಬಹುದು, ಯಾರೂ ಬಾಯಿ ಬಿಡುವ ಹಾಗಿಲ್ಲ. ಇವರನ್ನು ಒಳಗೆ ಕರೆದರೆ ಕೊನೆಯ ಪಂಕ್ತಿಗೆ ನಲವತ್ತು ಜನದ ಊಟ ಇಲ್ಲ. ಎರಡೂ ಕಣ್ಣಿಗೆ ಕಟ್ಟಿದ ಹಾಗೆ ಕಾಣಿಸಿತು. ಕೌಂಟರನ್ನು ಚೀಲದೊಳಗೆ ಹಾಕಿದೆ.

"ಮುಚ್ಚಳ ಹಾಕ್ರೇ ಎಲ್ರೂ," ಎಂದೆ. ದನಿ ನನ್ನದೇ ಎಂದು ನನಗೇ ಅನಿಸಲಿಲ್ಲ. "ನನ್ನ ಮಗಳ ಮದುವೆ ದಿನ ನೀವು ಲಾರಿ ಕಟ್ಟೆ ಮೇಲೆ ಕೂತು ಉಣ್ಣೋದಾ? ಎದ್ದೇಳ್ರಿ. ಏಳದೆ ಇದ್ರೆ ನಾನೂ ಇಲ್ಲೇ ಕೂತ್ಕೋತೀನಿ, ಒಳಗೆ ಹೋಗಲ್ಲ."

"ಅಕ್ಕ, ಸಾಕಾಗ್ದೆ ಹೋದ್ರೆ..." ಎಂದು ರತ್ನ ಗೊಣಗಿದಳು.

"ಸಾಕಾಗಲ್ಲ. ಗೊತ್ತು. ಬಾ," ಎಂದು ಅವಳ ಕೈ ಹಿಡಿದು ಎಳೆದೆ.

ಮೂರನೆಯ ಪಂಕ್ತಿಗೆ ಅವರನ್ನು ಕೂರಿಸಿದೆ. ಡಬ್ಬಿಗಳನ್ನು ಕಾಲ ಬುಡದಲ್ಲಿಟ್ಟುಕೊಂಡು, ಒತ್ತೊತ್ತಾಗಿ, ಸಂಕೋಚದಿಂದ ಕೂತರು. ಅನ್ನ ಬಂದರೆ ಎಲ್ಲರೂ ಬೇಗ ಬೇಗ ಕೈ ಅಡ್ಡ ಹಿಡಿಯುವುದು, ನಾನು ಆ ಕೈ ಸರಿಸಿ ಹಾಕಿಸುವುದು. ರೇವಣ್ಣ ಅಡುಗೆಮನೆಯ ಬಾಗಿಲಿನಿಂದ ನನ್ನನ್ನು ಕರೆದು ಪಾತ್ರೆಯನ್ನು ಓರೆ ಮಾಡಿ ತೋರಿಸಿದ. ಸಾರಿನ ತಳ ಹೊಳೆಯುತ್ತಿತ್ತು. ಎಂಟು ವರ್ಷದವಳಾಗಿ ಕೇಳಿದ ಅದೇ ಕೆರೆಯುವ ಸದ್ದು ಆ ಅಡುಗೆಮನೆಯಿಂದಲೂ ಬರುತ್ತಿತ್ತು. ನಾನು ಸೆರಗು ಬಾಯಿಗೊತ್ತಿಕೊಂಡು ಒಂದು ನಿಮಿಷ ಗೋಡೆಗೆ ಒರಗಿ ನಿಂತೆ.

ಕೊನೆಯ ಪಂಕ್ತಿ ನಮ್ಮದು. ಬೀಗರ ಕಡೆಯವರದೂ ಹೊರಗಿನವರದೂ ಊಟ ಮುಗಿದಿತ್ತು, ದೇವರು ದೊಡ್ಡವನು. ನಮ್ಮ ಕಡೆಯ ನೆಂಟರು, ಯಜಮಾನರ ಅಣ್ಣ ತಮ್ಮಂದಿರ ಸಂಸಾರಗಳು, ಕೊನೆಯ ತುದಿಯಲ್ಲಿ ನಾವಿಬ್ಬರು. ರೇವಣ್ಣ ಆ ತುದಿಯಿಂದ ಬಡಿಸುತ್ತಾ ಬಂದ. ಅರ್ಧ ಸಾಲಿಗೆ ಸಾರು ಮುಗಿಯಿತು, ಇನ್ನೂ ನಾಲ್ಕು ಎಲೆ ದಾಟುವಷ್ಟರಲ್ಲಿ ಅನ್ನವೂ ಮುಗಿಯಿತು. ನಮ್ಮ ಎಲೆಗಳ ಮೇಲೆ ಕೋಸಂಬರಿ ಮತ್ತು ಒಂದು ಹಪ್ಪಳ. ಮಾತಾಡುತ್ತಿದ್ದವರು ಸುಮ್ಮನಾದರು. ನಾನು ತಲೆ ಎತ್ತಲಿಲ್ಲ. ಯಾರು ಮೊದಲು ಏಳುತ್ತಾರೆ ಎಂದು ಕಾಯುತ್ತಾ ಎಲೆಯನ್ನೇ ನೋಡುತ್ತಾ ಕೂತೆ. ಯಜಮಾನರು ಮೇಜಿನ ಕೆಳಗೆ ನನ್ನ ಕೈ ಹಿಡಿದುಕೊಂಡರು. ಅವರ ಕೈಯೂ ತಣ್ಣಗಾಗಿತ್ತು.

ಆಗ ನನ್ನ ಎಲೆಯ ಮೇಲೆ ಒಂದು ಚಮಚ ಚಿತ್ರಾನ್ನ ಬಿತ್ತು. ತಲೆ ಎತ್ತಿದರೆ ರತ್ನ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ತನ್ನ ಡಬ್ಬಿ ಹಿಡಿದು ನಿಂತಿದ್ದಾಳೆ. ಅವಳ ಹಿಂದೆ ಮೆರೂನ್ ಸೀರೆ, ಅವಳ ಹಿಂದೆ ಇನ್ನೊಬ್ಬಳು. ಊಟ ಮುಗಿಸಿದ ಯಾರೂ ಮನೆಗೆ ಹೋಗಿರಲಿಲ್ಲ. ಒಬ್ಬಳು ಮೊಸರನ್ನ, ಒಬ್ಬಳು ಚಪಾತಿ, ಒಬ್ಬಳು ಹುರುಳಿಕಾಳಿನ ಪಲ್ಯ, ಇನ್ನೊಬ್ಬಳು ಮುರಿದ ತಣ್ಣನೆ ಮುದ್ದೆ. ಸಾಲಿನ ಆ ತುದಿಯವರೆಗೂ ಡಬ್ಬಿಗಳು ಓಡಾಡಿದವು. ಯಜಮಾನರ ಅಣ್ಣ, "ಏ, ಈ ಪಲ್ಯ ಯಾರ್ ಮಾಡಿದ್ದಮ್ಮ? ಇಲ್ಲೊಂದಿಷ್ಟು ಹಾಕು," ಎಂದು ಎಲೆ ಮುಂದೆ ಸರಿಸಿದರು. ಯಾರೂ ಏಳಲಿಲ್ಲ. ಆರತಿಗೆ ಕರೆಯಲು ಕೆಳಗೆ ಬಂದ ಮೇಘನಾ ಬಾಸಿಂಗ ಕಟ್ಟಿಕೊಂಡೇ ಬಾಗಿಲಲ್ಲಿ ನಿಂತು ನೋಡಿದಳು. ಗಂಡನ ಕೈ ಹಿಡಿದು ಒಳಗೆ ಬಂದು ನನ್ನ ಪಕ್ಕ ಕೂತಳು.

ರತ್ನ ಸಾಲಿನ ನಡುವೆ ಓಡಾಡುತ್ತಾ, ಮದುವೆಮನೆಯ ಯಜಮಾನಿಯ ಗತ್ತಿನಲ್ಲಿ, "ನಿಧಾನಕ್ಕೆ ಊಟ ಮಾಡಿ, ನಾಚ್ಕೋಬೇಡಿ, ಬೇಕಾದ್ದು ಕೇಳಿ ಹಾಕಿಸ್ಕೊಳ್ಳಿ," ಎನ್ನುತ್ತಿದ್ದಳು. ಆ ಮಾತನ್ನು ಪ್ರತಿ ಪಂಕ್ತಿಗೂ ಹೋಗಿ ಹೇಳಬೇಕಾದವಳು ನಾನು. ಬೆಳಗಿನಿಂದ ಒಬ್ಬರಿಗೂ ಹೇಳಿರಲಿಲ್ಲ. ಅವಳು ನನ್ನ ಹತ್ತಿರ ಬಂದಾಗ ಕಣ್ಣು ಮಂಜಾಗಿ ಅವಳ ಮುಖವೂ ಸರಿಯಾಗಿ ಕಾಣಿಸುತ್ತಿರಲಿಲ್ಲ. ಬಾಯಿಯಲ್ಲಿದ್ದ ತುತ್ತು ನುಂಗಿದೆ.

"ಇನ್ನೊಂಚೂರು ಚಿತ್ರಾನ್ನ ಹಾಕೇ," ಎಂದೆ.